ಬೈಯುವ ತಾತನ ಪುಟ

ನಾನು ಚಿತ್ರಪುಸ್ತಕ ಬರೆಯುವವಳು, ಶಾಲೆಗೆ ಹೊಸದಾಗಿ ಸೇರಿದ ಮತ್ತು ಇನ್ನೂ ಸೇರದ ಮಕ್ಕಳಿಗಾಗಿ. ಒಂದು ಪುಸ್ತಕದಲ್ಲಿ ನನ್ನ ಪಾಲಿನ ಮಾತನ್ನೆಲ್ಲ ಗುಡ್ಡೆ ಹಾಕಿದರೂ ಒಂದು ಮದುವೆ ಪತ್ರಿಕೆಯಷ್ಟು ಆಗುವುದಿಲ್ಲ. ಉಳಿದದ್ದೆಲ್ಲ ಚಿತ್ರ. ಮದ್ದೂರಿನ ನಮ್ಮ ಬೀದಿಯಲ್ಲಿ ಇದೂ ಒಂದು ಕೆಲಸವೆಂದು ಒಪ್ಪಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. "ದೊಡ್ಡ ಪುಸ್ತಕ ಯಾವಾಗ ಬರೀತೀಯಮ್ಮ" ಎಂದು ಎದುರುಮನೆಯಾಕೆ ಈಗಲೂ ಕೇಳುತ್ತಾರೆ, ನಾನೇನೋ ಒಂದನೇ ಕ್ಲಾಸಿನಲ್ಲೇ ಫೇಲಾಗಿ ಕೂತಿದ್ದೇನೆ ಅನ್ನುವ ಹಾಗೆ. ಮೊದಮೊದಲು ಸಿಟ್ಟು ನೆತ್ತಿಗೇರುತ್ತಿತ್ತು. ಈಗ "ನೀವು ಓದೋದಾದರೆ ನಾಳೆಯೇ ಬರೀತೀನಿ" ಅನ್ನುತ್ತೇನೆ. ಅವರು ಒಲೆ ಮೇಲೆ ಹಾಲಿಟ್ಟದ್ದು ನೆನಪಾಗಿ ಒಳಗೆ ಹೋಗುತ್ತಾರೆ.

ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ. ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ವಿನಯದ ಮಾತಾಡುವುದು ನನಗೆ ಬರುವುದಿಲ್ಲ. ಆದರೆ ಆ ಹೆಮ್ಮೆ ಪುಸ್ತಕ ಅಚ್ಚಾದ ದಿನ ಬಂದದ್ದಲ್ಲ, ಮಕ್ಕಳ ಮುಖ ಕಾಣತೊಡಗಿದ ಮೇಲೆ ಬಂದದ್ದು. ಪ್ರತಿ ಭಾನುವಾರ ತಿಂಡಿ ಮುಗಿದ ಮೇಲೆ ನಾನು ಫೋನನ್ನು ರಾಗಿ ಡಬ್ಬಕ್ಕೆ ಒರಗಿಸಿ, ಅದರ ಮುಂದೆ ಕೂತು ಒಂದು ಪುಸ್ತಕ ಓದುತ್ತೇನೆ. ಶುರುವಿನಲ್ಲಿ ನೋಡುತ್ತಿದ್ದವರು ನಮ್ಮ ನೆಂಟರಿಷ್ಟರೇ. ನಾನು ಹುಲಿಯ ಕಥೆ ಹೇಳುತ್ತಿದ್ದರೆ ಕೆಳಗೆ "ಅಕ್ಕ, ಸೀರೆ ಎಲ್ಲಿ ತಗೊಂಡೆ" ಎಂದು ಬರುತ್ತಿತ್ತು.

ಆಮೇಲೆ ಬಸರಾಳಿನ ಒಬ್ಬ ತಾಯಿ ಇನ್ನೊಬ್ಬರಿಗೆ ಹೇಳಿದರು. ಜಲಪಾತದ ಹತ್ತಿರ ಬ್ಲಫ್ ಅನ್ನುವ ಊರಿನಲ್ಲಿ ಕರೆಂಟು ಕೇಂದ್ರದ ನೌಕರರ ಮನೆಗಳಿವೆಯಲ್ಲ, ಅಲ್ಲಿನ ಮಕ್ಕಳು ಗುಂಪಾಗಿ ಒಂದೇ ಫೋನಿನ ಮುಂದೆ ಕೂರತೊಡಗಿದರು. ಮಳವಳ್ಳಿ, ಮಂಡ್ಯ ಆಯಿತು. ಧಾರವಾಡದ ಕಡೆಯವರು ಬಂದರು, ಕರಾವಳಿಯವರು ಬಂದರು, ದುಬೈನಲ್ಲಿರುವ ಒಂದು ಮನೆಯವರೂ ಬಂದರು. ಪರದೆಯ ಮೇಲೆ ಪುಟ್ಟ ಪುಟ್ಟ ಚೌಕಗಳು, ಒಂದೊಂದರಲ್ಲೂ ಒಂದೊಂದು ಮುಖ. ಒಂದು ಹಲ್ಲುಜ್ಜುತ್ತಿರುತ್ತದೆ, ಇನ್ನೊಂದು ಮಂಚದ ಕೆಳಗಿಂದ ಇಣುಕುತ್ತಿರುತ್ತದೆ. ಮದ್ದೂರು ಅಂದರೆ ವಡೆ ಮಾತ್ರ ಗೊತ್ತಿದ್ದ ಒಂದು ಮಗು "ಆಂಟಿ, ಇವತ್ತು ವಡೆ ಮಾಡಲಿಲ್ವಾ" ಎಂದು ಕೇಳಿತ್ತು. ಓದು ಮುಗಿದ ಮೇಲೆ ಅವರಮ್ಮಂದಿರ ಫೋನಿನಿಂದ ಮಕ್ಕಳ ದನಿಯ ಮೆಸೇಜು ಬರುತ್ತದೆ. ಆ ಕಪ್ಪೆ ರಾತ್ರಿ ಎಲ್ಲಿ ಮಲಗಿತು, ಆ ಹುಡುಗನ ಚಡ್ಡಿ ಹಿಂದಿನ ಪುಟದಲ್ಲಿ ನೀಲಿ ಇತ್ತಲ್ಲ, ಇಂಥವು. ನಾನು ಕಾಯಿಪಲ್ಲೆ ತರಲು ಹೋಗುವಾಗ ಇವನ್ನು ಕಿವಿಗಿಟ್ಟುಕೊಂಡು ಒಬ್ಬಳೇ ನಗುತ್ತಾ ಹೋಗುತ್ತೇನೆ. ನೋಡಿದವರು ಏನಂದುಕೊಂಡರೂ ಅಂದುಕೊಳ್ಳಲಿ.

ನನ್ನ ಪುಸ್ತಕಗಳಲ್ಲಿ ಹೆಚ್ಚು ಮನೆಗಳಿಗೆ ಹೋದದ್ದು ಕಬ್ಬಿನ ಗಾಡಿಯದು. ನಮ್ಮೂರು ಆತಗೂರು ಹೋಬಳಿಯ ಒಂದು ಹಳ್ಳಿ. ನಾನು ಚಿಕ್ಕವಳಿದ್ದಾಗ ಕಬ್ಬು ಕಡಿಯುವ ಕಾಲದಲ್ಲಿ ಸಂಜೆ ಹೊತ್ತು ಎತ್ತಿನ ಗಾಡಿಗಳು ಸಾಲಾಗಿ ಕಾರ್ಖಾನೆಗೆ ಹೋಗುತ್ತಿದ್ದವು. ಶಾಲೆ ಬಿಟ್ಟ ಮೇಲೆ ನಾವು ಅಲ್ಲೇ ಪಕ್ಕದ ರಸ್ತೆಯ ತಿರುವಿನಲ್ಲಿ ಕಾದಿರುತ್ತಿದ್ದೆವು. ಗಾಡಿ ಬಂದ ಕೂಡಲೇ ಹಿಂದಿನಿಂದ ಓಡಿ, ಹೊರಗೆ ಚಾಚಿಕೊಂಡ ಒಂದು ಜಲ್ಲೆಗೆ ಕೈಹಾಕಿ ಎಳೆಯುವುದು. ಕೇಳಿ ತೆಗೆದುಕೊಳ್ಳುವ ಪದ್ಧತಿಯೇ ಇರಲಿಲ್ಲ, ಕೇಳಿದವನು ಪರ ಊರಿನವನು. ಗಾಡಿಯವನು ಬೈಯಬೇಕು, ನಾವು ಎಳೆಯಬೇಕು. ಬೈದವನು ಇಳಿದು ಬಂದು ಯಾರನ್ನಾದರೂ ಹಿಡಿದದ್ದನ್ನು ನಾನು ಕಂಡಿಲ್ಲ. ಯಾರಾದರೂ ಬೈಯದೆ ಸುಮ್ಮನೆ ಹೋದರೆ ಮಾತ್ರ ಪಾಪ, ಜ್ವರ ಬಂದಿರಬೇಕು ಅಂದುಕೊಳ್ಳುತ್ತಿದ್ದೆವು.

ನನ್ನ ಅಪ್ಪನದೂ ಒಂದು ಗಾಡಿ. ಅವನ ಗಾಡಿಯಿಂದಲೂ ನಾನು ಎಳೆದಿದ್ದೇನೆ. "ಯಾರ್ ಮಕ್ಳಲಾ ನೀವು, ಏಳೋರು ಕೇಳೋರು ಇಲ್ವಾ ನಿಮ್ಗೆ" ಎಂದು ಎಲ್ಲರ ಜೊತೆ ನನ್ನನ್ನೂ ಸೇರಿಸಿ ಬೈಯುತ್ತಿದ್ದ. ಮನೆಗೆ ಬಂದ ಮೇಲೆ ಅದರ ಮಾತೇ ಇಲ್ಲ. ನಾನು ಕಬ್ಬು ಸಿಗಿದು ತಿನ್ನುತ್ತಿದ್ದರೆ ಪಕ್ಕದಲ್ಲಿ ಕೂತು "ಎಲ್ಲಿ, ಒಂದ್ ಗೆಣ್ಣು ಕೊಡು" ಎಂದು ಕೈ ಚಾಚುತ್ತಿದ್ದ.

ಇದನ್ನೇ ಪುಸ್ತಕ ಮಾಡಿದೆ. ಚಿತ್ರಕಾರ ಬೇರೆ ಊರಿನವರು, ಗಾಡಿಯ ಮೇಲೆ ಕೂತವರನ್ನು ನೋಡಿದವರಲ್ಲ. ಅದಕ್ಕೆ ಅಪ್ಪನನ್ನು ಗಾಡಿಯಲ್ಲಿ ಕೂರಿಸಿ, ಬೈಯಲು ಹೇಳಿ, ವಿಡಿಯೋ ತೆಗೆದು ಕಳಿಸಿದೆ. ಅವರು ಅದನ್ನು ನೋಡಿಕೊಂಡು ಎರಡು ಪುಟದ ಅಗಲಕ್ಕೆ ಅಪ್ಪನನ್ನು ಬರೆದರು: ದಪ್ಪ ಮೀಸೆ, ಅಗಲಕ್ಕೆ ತೆರೆದ ಬಾಯಿ, ಉರಿಯುವ ಕಣ್ಣು. ಹಿಂದೆ ಕಬ್ಬಿನ ರಾಶಿ, ಅದರ ಬುಡದಲ್ಲಿ ಜಲ್ಲೆ ಹಿಡಿದ ಪುಟ್ಟ ಹುಡುಗಿ. ಆ ಪುಟಕ್ಕೆ ನಾನು, ಮಕ್ಕಳಿಗೆ ಐಕ್ಳು ಅನ್ನುವ ನಮ್ಮ ಕಡೆಯ ಮಾತಿನಲ್ಲೇ, ನಾಲ್ಕು ಸಾಲು ಬರೆದಿದ್ದೆ:

ಏರಿನಲ್ಲಿ ಗಾಡಿ ಮೆಲ್ಲಗೆ,
ಹಿಂದೆ ನಾನು ಮೆಲ್ಲಗೆ.
"ಲೇ ಐಕ್ಳಾ, ಬುಡ್ರೋ ಕಬ್ಬ,
ಇಳ್ದು ಬಂದ್ರೆ ಚರ್ಮ ಸುಲಿತೀನಿ."

ಈ ಪುಟ ಬಂದಾಗಲೆಲ್ಲ ಬಸರಾಳಿನ ಮಕ್ಕಳೂ ಬ್ಲಫ್‌ನ ಮಕ್ಕಳೂ ಬಿದ್ದು ಬಿದ್ದು ನಗುತ್ತಿದ್ದರು. ನಾನು ಬೀಗಿದ್ದೇ ಬೀಗಿದ್ದು.

ಆಗ ಕರಾವಳಿಯ ಒಂದು ಪಟ್ಟಣದಿಂದ ಒಬ್ಬ ತಾಯಿಯ ದನಿಯ ಮೆಸೇಜು ಬಂತು. ಅವರ ಮಗಳಿಗೆ ಆರು ವರ್ಷ. ಭಾನುವಾರ ತಪ್ಪದೆ ಬರುವವಳು, ಎರಡು ಜಡೆಯವಳು, ನನಗೆ ಚೆನ್ನಾಗಿ ಗೊತ್ತಿದ್ದ ಮುಖ. "ಮೇಡಂ, ಬೇಜಾರು ಮಾಡಬೇಡಿ. ನಿಮ್ಮ ಪುಸ್ತಕಗಳೆಲ್ಲ ಅವಳಿಗೆ ಭಾರೀ ಇಷ್ಟ. ಆದರೆ ಆ ಬೈಯುವ ಅಜ್ಜನ ಪುಟ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಅವರ ಮುಖದ ಮೇಲೆ ಕಾಗದ ಅಂಟಿಸಿ ಇಟ್ಟಿದ್ದಾಳೆ. ಚರ್ಮ ಸುಲಿಯುವುದು ಅಂದರೆ ಎಂತದು ಅಂತ ಕೇಳಿದಳು, ನಾನು ಹೇಳಲಿಲ್ಲ." ಅದರ ಹಿಂದೆಯೇ ಮಗುವಿನ ದನಿ ಬಂತು, ಯಾರೋ ಕೇಳಿಸಿಕೊಂಡುಬಿಡುತ್ತಾರೆ ಅನ್ನುವಂತೆ ಸಣ್ಣಗೆ: "ಆ ಅಜ್ಜ ಆ ಹುಡುಗಿಗೆ ಆಮೇಲೆ ಹೊಡೆದರಾ?"

ನನಗೆ ಮೊದಲು ಬಂದದ್ದು ಸಿಟ್ಟು. ಹೊಡೆಯುವುದಾ, ನಮ್ಮಪ್ಪನಾ? ಒಂದು ಲೋಟ ನೀರು ಕುಡಿದೆ, ಇನ್ನೊಮ್ಮೆ ಕೇಳಿದೆ. ಆಗ ಸಿಟ್ಟು ಇಳಿಯಿತು. ನಮ್ಮ ಕಡೆ ಊಟಕ್ಕೆ ಕರೆಯುವುದೂ ಬೈದೇ. "ಉಣ್ಣಾಕ್ ಬಾರ್ಲಾ, ನಿಂಗೇನ್ ಅರಿಸಿನ ಕುಂಕುಮ ಕೊಟ್ಟು ಕರೀಬೇಕಾ" ಎಂದರೆ ಅದು ಆದರ. ಮೆತ್ತಗೆ ಮಾತಾಡಿದರೆ ಏನೋ ಸಾಲ ಕೇಳಲು ಬಂದಿದ್ದಾನೆ ಎಂದು ಎಚ್ಚರವಾಗುತ್ತೇವೆ. ಇದು ಗೊತ್ತಿಲ್ಲದ ಮನೆಯೂ ಭೂಮಿಯ ಮೇಲೆ ಇರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಆ ಮಗುವಿನ ಪುಟದಲ್ಲಿ ಇದ್ದದ್ದು ಇಷ್ಟೇ: ಕೆಂಡದಂಥ ಕಣ್ಣಿನ ಒಬ್ಬ ದೊಡ್ಡ ಗಂಡಸು, ಅವನ ಹಿಂದೆ ಅವಳಷ್ಟೇ ಎತ್ತರದ ಒಬ್ಬಳು ಹುಡುಗಿ.

ಅಜ್ಜ ಹೊಡೆಯಲೇ ಇಲ್ಲ ಎಂದು ಹೇಳಿ ಕಳಿಸಿದೆ, ಅವಳು ನಂಬಲಿಲ್ಲವಂತೆ. ಪುಸ್ತಕದ ಮರುಮುದ್ರಣವೂ ಹತ್ತಿರವಾಗಿತ್ತು. ಬೆಂಗಳೂರಿನ ನನ್ನ ಪ್ರಕಾಶಕಿಗೆ ಫೋನು ಮಾಡಿ ವಿಷಯ ಹೇಳಿದೆ. ಆಕೆ ಒಳ್ಳೆಯವರು, ಚುರುಕು. "ಅದಕ್ಕೇನಂತೆ, ತಾತ ನಗೋ ಹಾಗೆ ಮಾಡಿಬಿಡೋಣ. ಒಂದು ಬಾಯಿ ತಾನೇ ಬದಲಾಯಿಸೋದು. ನಗೋ ತಾತ ಎಲ್ಲಾ ಊರಲ್ಲೂ ನಡೀತಾರೆ" ಎಂದರು. ಅವರ ಮಾತು ತಪ್ಪಲ್ಲ. ಆದರೆ ನನ್ನ ಅಪ್ಪನ ಮುಖಕ್ಕೆ ಯಾರದೋ ನಗು ಅಂಟಿಸುವುದು ನನಗೆ ಬೇಡವಾಗಿತ್ತು. ಒಂದು ಮಗುವನ್ನು ಹೆದರಿಸಿಕೊಂಡು ನನ್ನ ಹಠ ಗೆಲ್ಲುವುದೂ ಬೇಡವಾಗಿತ್ತು. ಸೋಮವಾರದವರೆಗೆ ಟೈಮು ಕೊಡಿ ಎಂದು ಕೇಳಿ ಫೋನಿಟ್ಟೆ.

ಶನಿವಾರ ಸ್ಕೂಟರ್ ಹತ್ತಿ ಊರಿಗೆ ಹೋದೆ. ಕಬ್ಬು ಸಾಗಿಸುವುದನ್ನು ಅಪ್ಪ ಬಿಟ್ಟು ಬಹಳ ಕಾಲವಾಯಿತು, ಅದೆಲ್ಲ ಈಗ ಟ್ರ್ಯಾಕ್ಟರಿನ ಪಾಲು. ತಮ್ಮನ ಸಂಸಾರದ ಜೊತೆ ಇದ್ದಾನೆ, ಒಂದು ಜೊತೆ ಎತ್ತು ಮಾತ್ರ ಬಿಟ್ಟಿಲ್ಲ. ನಾನು ಹೋದಾಗ ಕೊಟ್ಟಿಗೆಯಲ್ಲಿ ಅವುಗಳ ಮೈ ತಿಕ್ಕುತ್ತಿದ್ದ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ಇದ್ದದ್ದನ್ನು ಹೇಳಿದೆ. ಅಪ್ಪ ಕೈಯಲ್ಲಿದ್ದ ಹುಲ್ಲಿನ ಸಿಂಬೆಯನ್ನು ಕೆಳಗಿಟ್ಟ.

"ನನ್ ಕಂಡಾ? ಮಗ ಎದ್ರುಕತ್ತದಾ?"

"ಊಂ ಕಣಪ್ಪ. ನಿನ್ ಮುಖದ್ ಮ್ಯಾಲೆ ಪೇಪರ್ ಅಂಟ್ಸವ್ಳಂತೆ."

"ನಾನ್ ಯಾವ ಮಗೀಗವ್ವ ಒಡ್ದಿದ್ದೀನಿ? ನಿಂಗ್ ಒಡ್ದಿದ್ದೀನಾ?"

"ಇಲ್ಲ."

"ಅದ್ನ ಏಳು ಆ ಮಗೀಗೆ."

"ಏಳ್ದೆ. ನಂಬ್ತಾ ಇಲ್ಲ."

ಅಪ್ಪ ಎತ್ತಿನ ಬೆನ್ನ ಮೇಲೆ ಕೈಯಿಟ್ಟ. ಊರಿನಲ್ಲಿ ಯಾರ ಜೊತೆ ಜಗಳವಾದರೂ ಅವನ ಮುಖ ಹಾಗೆ ಬಾಡಿದ್ದನ್ನು ನಾನು ನೋಡಿರಲಿಲ್ಲ. "ಮಖ ಕಾಣಂಗೆ ಫೋನಲ್ಲಿ ಮಾತಾಡ್ತೀರಲ್ಲ, ಅದ್ರಲ್ಲಿ ಮಾಡ್ಕೊಡು. ನಾನೇ ಏಳ್ತೀನಿ" ಎಂದ. ಮಗುವಿನ ತಾಯಿಗೆ ಕೇಳಿದೆ. ಮಗಳು ಒಪ್ಪಿದರೆ ಸಂಜೆ ಮಾತಾಡಿಸುತ್ತೇನೆ, ಹೆದರಿದರೆ ಅಲ್ಲಿಗೇ ಬಿಡುವುದು ಎಂದರು. ಅದು ಸರಿಯಾದ ಮಾತು.

ಸಂಜೆಗೆ ಅಪ್ಪ ಗಡ್ಡ ಹೆರೆಸಿಕೊಂಡು ಬಂದ. ಮದುವೆಮನೆಗೆ ಹಾಕುವ ಬಿಳಿ ಅಂಗಿ ಹಾಕಿ, ಕೊರಳವರೆಗೂ ಗುಂಡಿ ಬಿಗಿದು, ತಲೆಗೆ ಎಣ್ಣೆ ಹಚ್ಚಿ ಮೀಸೆಯನ್ನು ಕೆಳಕ್ಕೆ ಒತ್ತಿಕೊಂಡಿದ್ದ. ಜಗಲಿಯ ಮೇಲೆ ಕೂತು ನನಗೆ ಕೇಳದಂತೆ ತುಟಿ ಅಲ್ಲಾಡಿಸುತ್ತಿದ್ದ. ಫೋನಿನಲ್ಲಿ ಮಗುವಿನ ಮುಖ ಅರ್ಧ ಮಾತ್ರ ಕಂಡಿತು, ಉಳಿದರ್ಧ ತಾಯಿಯ ತೋಳಿನ ಹಿಂದೆ. ಅಪ್ಪ ಕೈಮುಗಿದ. "ಮಗು, ಹೆದರಬೇಡ. ನಾನು ತುಂಬ ಒಳ್ಳೆಯವನು" ಎಂದ, ರೇಡಿಯೋದಲ್ಲಿ ವಾರ್ತೆ ಓದುವವರ ಕನ್ನಡದಲ್ಲಿ. ನಾನು ನಗು ತಡೆಯಲು ತುಟಿ ಕಚ್ಚಿಕೊಂಡೆ.

ಮಗು ಅವನನ್ನು ಬಹಳ ಹೊತ್ತು ನೋಡಿ ತಾಯಿಯ ಕಡೆ ತಿರುಗಿತು. "ಇದು ಆ ಅಜ್ಜ ಅಲ್ಲ."

"ನಾನೇ ಕಣವ್ವ" ಎಂದ ಅಪ್ಪ.

"ಅಲ್ಲ. ಆ ಅಜ್ಜ ಬೈಯುವುದು."

"ನಾನೂ ಬಯ್ಯೋನೇ ಕಣವ್ವ."

"ಹಾಗಾದರೆ ಬೈದು ತೋರಿಸಿ, ನೋಡುವ."

ಅಪ್ಪ ನನ್ನ ಮುಖ ನೋಡಿದ, ನಾನು ತಾಯಿಯ ಮುಖ ನೋಡಿದೆ. ಅವರು ಮಗಳ ಮುಖ ನೋಡಿದರು. "ನಿಜವಾಗಿ ಬೈಯಬೇಕಾ ಪುಟ್ಟಿ" ಎಂದು ಕೇಳಿದೆ. "ಸ್ವಲ್ಪ" ಎಂದಳು, ತಾಯಿಯ ದುಪಟ್ಟದ ತುದಿಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡು. ಈಗ ಅವಳು ಅತ್ತರೆ ನನ್ನ ಪುಸ್ತಕವನ್ನು ಇನ್ನು ಮುಟ್ಟುವುದಿಲ್ಲ, ನನ್ನ ಅಪ್ಪನೂ ಇದನ್ನು ಮರೆಯುವುದಿಲ್ಲ.

ಅಪ್ಪ ಕೊರಳ ಗುಂಡಿ ಬಿಚ್ಚಿದ. ಒಂದು ಕಾಲು ಮಡಿಸಿ ಜಗಲಿಯ ಮೇಲಿಟ್ಟ. ಮೀಸೆ ತಾನಾಗಿಯೇ ಮೇಲೆದ್ದಿತು. "ಲೇ ಐಕ್ಳಾ, ಬುಡ್ರೋ ಕಬ್ಬ, ಇಳ್ದು ಬಂದ್ರೆ ಚರ್ಮ ಸುಲಿತೀನಿ, ಯಾರ್ ಮಕ್ಳಲಾ ನೀವು" ಎಂದು ಕೂಗಿದ ಕೂಗಿಗೆ ಕೊಟ್ಟಿಗೆಯಲ್ಲಿ ಎತ್ತುಗಳು ಎದ್ದು ನಿಂತವು. ಅಡುಗೆಮನೆಯಿಂದ ತಮ್ಮನ ಹೆಂಡತಿ ಸೌಟು ಹಿಡಿದೇ ಓಡಿ ಬಂದಳು.

ಮಗು ಅಳಲಿಲ್ಲ. ತಾಯಿಯ ತೋಳಿನ ಹಿಂದಿನಿಂದ ಪೂರ್ತಿ ಹೊರಗೆ ಬಂದು, ಪರದೆಗೆ ಬೆರಳು ತೋರಿಸಿ ಕೇಳಿತು. "ಅಜ್ಜ, ನಿಮ್ಮ ಕೈ ಯಾಕೆ ಹಾಗೆ?"

ನಾವೆಲ್ಲ ಅಪ್ಪನ ಕೈ ನೋಡಿದೆವು. ಎರಡೂ ಮುಷ್ಟಿ ಬಿಗಿದು ಎದೆಗೆ ಬಂದಿದ್ದವು, ಮೈ ಹಿಂದಕ್ಕೆ ವಾಲಿತ್ತು. ಬೈಯುವ ಭರದಲ್ಲಿ ಅವನಿಗೇ ಅದರ ಅರಿವಿರಲಿಲ್ಲ.

"ಇದಾ? ಎತ್ತಿನ್ ಅಗ್ಗ ಕಣವ್ವ. ಜಗ್ಗಿ ಇಡ್ಕಂಡಿವ್ನಿ."

"ಹಗ್ಗ ಎಳೆದರೆ ಎತ್ತು ಓಡುವುದಾ?"

"ಇಲ್ಲ ಕಣವ್ವ. ಮೆಲ್ಲಗಾಯ್ತವೆ."

ಮಗು ಯೋಚನೆ ಮಾಡಿತು. ಜಡೆಯ ತುದಿ ಬಾಯಿಗೆ ಹೋಯಿತು, ಹೊರಗೆ ಬಂತು. "ಮೆಲ್ಲಗೆ ಆದರೆ ಅವಳಿಗೆ ಕಬ್ಬು ಸಿಗುವುದಲ್ಲಾ?"

"ಸಿಗ್ಲಿ ಅಂತ್ಲೇಯ. ಓಡೋ ಗಾಡಿಲಿ ಎಳ್ದು ಬಿದ್ಗಿದ್ದಾವು ಐಕ್ಳು."

"ಮತ್ತೆ ಬೈಯುವುದು ಯಾಕೆ?"

"ಬಯ್ದೆ ಇದ್ರೆ ಅವುಕ್ಕೆ ಚೆಂದಾಗಿರಾಕಿಲ್ಲ ಕಣವ್ವ. ಆದ್ರೆ ನೀನು ಟ್ರಾಕ್ಟರ್ ತಾವ್ಕೆ ಓಗ್ಬೇಡ. ಅದ್ಕೆ ಅಗ್ಗ ಇಲ್ಲ."

ನಾನು ನಡುವೆ ಬಾಯಿ ಹಾಕಿದೆ. "ಅಪ್ಪ, ಗಾಡಿ ಮೆಲ್ಲಗಾಯ್ತಿದ್ದದ್ದು ಅಲ್ಲಿ ಏರು ಇತ್ತಲ್ಲ, ಅದ್ಕಲ್ವಾ?"

"ಯಾವ ಏರು? ಇಸ್ಕೂಲ್ ತಾವ ಎಲ್ಲವ್ವ ಏರದೆ? ಪಕ್ದಲ್ಲೇ ಕಾಲ್ವೆ ಓಯ್ತದೆ, ಮಟ್ಟಸ ಜಾಗ" ಎಂದು ಅಪ್ಪ ನನ್ನನ್ನು ಬೈದು ಮತ್ತೆ ಫೋನಿನ ಕಡೆ ತಿರುಗಿದ. ಮಗು "ಇನ್ನೊಮ್ಮೆ ಬೈಯಿರಿ" ಅನ್ನುತ್ತಿತ್ತು. ಅಪ್ಪ ಬೈದ. ಇನ್ನೊಮ್ಮೆ ಅಂದಿತು, ಇನ್ನೊಮ್ಮೆ ಬೈದ. ನಾನು ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ.

ನಾನು ಇದ್ದದ್ದು ಯಾವಾಗಲೂ ಗಾಡಿಯ ಹಿಂದೆ. ಮುಂದೆ ಆಳೆತ್ತರದ ಕಬ್ಬು, ಅದರಾಚೆಯಿಂದ ಬೈಗುಳ ಮಾತ್ರ ಕೇಳುತ್ತಿತ್ತು. ಬಾಯಿ ಬೈಯುತ್ತಿದ್ದಾಗ ಕೈ ಏನು ಮಾಡುತ್ತಿತ್ತು ಎಂದು ನೋಡುವ ದಾರಿಯೇ ಇರಲಿಲ್ಲ. ನನ್ನ ಓಟ ಜೋರು, ಜೊತೆಗೆ ರಸ್ತೆ ಏರು, ಅದಕ್ಕೇ ಕಬ್ಬು ಸಿಕ್ಕಿತು ಎಂದುಕೊಂಡೇ ಇಷ್ಟು ದೊಡ್ಡವಳಾಗಿದ್ದೆ, ಅದನ್ನು ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿಯೂ ಇದ್ದೆ. ಆ ತಿರುವಿನಲ್ಲಿ ಎಷ್ಟು ಸಲ ಸ್ಕೂಟರಿನಲ್ಲಿ ಹೋಗಿದ್ದೇನೆ. ಆ ದಿನ ವಾಪಸು ಬರುವಾಗ ಅಲ್ಲಿ ನಿಲ್ಲಿಸಿ ನೋಡಿದೆ. ಕಾಲುವೆಯ ನೀರು ಪಕ್ಕದಲ್ಲೇ ಅಲುಗಾಡದಂತೆ ಹೋಗುತ್ತಿತ್ತು. ರಸ್ತೆ ತಟ್ಟೆಯ ಹಾಗೆ ಸಮನಾಗಿತ್ತು. ನನ್ನ ಅಪ್ಪನಂಥ ಅಪ್ಪ ಯಾರಿಗಿದ್ದಾನೆ ಎಂದು ಅಲ್ಲಿ ಒಬ್ಬಳೇ ನಿಂತು ಅಂದುಕೊಂಡೆ. ಜೋರಾಗಿಯೇ ಅಂದಿರಬೇಕು, ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದ ಹೆಂಗಸು ತಿರುಗಿ ನೋಡಿದರು.

ಮನೆಗೆ ಬಂದು ಪುಸ್ತಕ ತೆರೆದೆ. ಪುಟದಲ್ಲಿ ಅಪ್ಪನ ಕೈಗಳೇ ಇಲ್ಲ. ಇರಬೇಕಾದ ಜಾಗದಲ್ಲಿ ಬಿಳಿ ಪಟ್ಟಿ, ಅದರ ಮೇಲೆ ನನ್ನ ನಾಲ್ಕು ಸಾಲು. ಚಿತ್ರಕಾರರಿಗೆ ಹೇಳಿ ಅಕ್ಷರವಿಲ್ಲದ ಮೂಲ ಚಿತ್ರ ತರಿಸಿಕೊಂಡೆ. ಅಲ್ಲಿ ಕೈಗಳಿದ್ದವು. ಪುಣ್ಯಾತ್ಮ ವಿಡಿಯೋದಲ್ಲಿ ಕಂಡದ್ದನ್ನು ಕಂಡಂತೆ ಬರೆದಿದ್ದರು: ಉಬ್ಬಿದ ನರ, ಬಿಗಿದ ಹಗ್ಗ, ಕತ್ತು ಹಿಂದಕ್ಕೆ ಎತ್ತಿದ ಎತ್ತು. ಸಾಲುಗಳು ದೊಡ್ಡದಾಗಿ ಎದ್ದು ಕಾಣಬೇಕು ಎಂದು ಹಠ ಹಿಡಿದು ಅದರ ಮೇಲೆ ಪಟ್ಟಿ ಹಾಕಿಸಿದವಳು ನಾನೇ.

ಸೋಮವಾರ ಪ್ರಕಾಶಕಿಗೆ ಫೋನು ಮಾಡಿದೆ. "ತಾತ ನಗೋದು ಬೇಡ. ನನ್ನ ಸಾಲು ತೆಗೀರಿ" ಎಂದೆ.

"ಯಾವ ಸಾಲು?"

"ನಾಲ್ಕೂ."

"ನಾಲ್ಕೂನಾ" ಎಂದು ಆಕೆ ಇನ್ನೊಮ್ಮೆ ಕೇಳಿದರು. ಒಂದು ಪದ ಕತ್ತರಿಸಿದರೆ ಜಗಳಕ್ಕೆ ನಿಲ್ಲುವವಳು ಎಂದು ನನ್ನ ಹೆಸರು ಅವರ ಆಫೀಸಿನಲ್ಲಿ ಮೊದಲೇ ಕೆಟ್ಟಿದೆ. "ಹಾಗಾದರೆ ಆ ಪುಟದಲ್ಲಿ ಅಪ್ಪ ಅಮ್ಮ ಮಕ್ಕಳಿಗೆ ಏನು ಓದಿ ಹೇಳಬೇಕು" ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿ, ಆದರೂ ತೆಗೆಯಲೇಬೇಕು ಎಂದು ಈ ಸಲ ತೆಗೆಯುವುದಕ್ಕೇ ಜಗಳವಾಡಿ ಗೆದ್ದೆ. ಅದೇ ವಾರ ಮಗುವಿನ ತಾಯಿ ಒಂದು ಫೋಟೋ ಕಳಿಸಿದರು. ಪುಟದ ಮೇಲಿನ ಕಾಗದ ಹೋಗಿತ್ತು. ಕಾಗದದ ಜೊತೆ ಅಪ್ಪನ ಮೀಸೆ ಅರ್ಧ ಕಿತ್ತುಬಂದು, ಅವಳು ಅದನ್ನು ಕಪ್ಪು ಪೆನ್ಸಿಲಿನಲ್ಲಿ ಕಿವಿಯವರೆಗೆ ಬೆಳೆಸಿದ್ದಳು. ಅಪ್ಪನಿಗೆ ತೋರಿಸಿದೆ. "ಇದೇ ಚೆಂದಾಗದೆ" ಎಂದ.

ಹೊಸ ಮುದ್ರಣ ಬಂದ ಮೇಲಿನ ಭಾನುವಾರ ಆ ಪುಸ್ತಕವನ್ನೇ ಓದಲು ಕೂತೆ. ಅಪ್ಪ ಬೆಳಿಗ್ಗೆಯೇ ಬಸ್ಸು ಹಿಡಿದು ಬಂದಿದ್ದ. ಫೋನಿನಲ್ಲಿ ಕಾಣದ ಕಡೆ ಅವನಿಗೆ ಕುರ್ಚಿ ಹಾಕಿಕೊಟ್ಟು, ಕರೆಯುವವರೆಗೂ ಬಾಯಿ ಬಿಡಬೇಡ ಎಂದು ಹೇಳಿದ್ದೆ. ಪರದೆ ತುಂಬ ಮಕ್ಕಳು. ಆ ಪುಟ ಬಂತು. ಫೋನಿಗೆ ಹತ್ತಿರ ಹಿಡಿದೆ, ಸುಮ್ಮನೆ ಕೂತೆ. ಓದಲು ನನ್ನ ಹತ್ತಿರ ಏನೂ ಇರಲಿಲ್ಲ.

ಬ್ಲಫ್‌ನ ಒಂದು ಮಗು "ಆಂಟಿ, ಅಲ್ಲಿ ಏನೂ ಬರ್ದೇ ಇಲ್ಲ" ಎಂದಿತು.

"ಅಲ್ಲಿ ನಾವೇ ಬೈಯಬೇಕು" ಎಂದಳು ಕರಾವಳಿಯ ಹುಡುಗಿ, ಪುಸ್ತಕ ತಾನೇ ಬರೆದವಳ ಗತ್ತಿನಲ್ಲಿ. "ಕೈ ಹೀಗೆ ಇಟ್ಟು ಬೈಯಬೇಕು. ಎತ್ತು ಮೆಲ್ಲಗೆ ಹೋಗಬೇಕಲ್ಲ, ಅದಕ್ಕೆ." ಎರಡೂ ಮುಷ್ಟಿ ಎದೆಗೆ ತಂದು ಹಿಂದಕ್ಕೆ ವಾಲಿ, ಅವಳೇ ಶುರು ಮಾಡಿದಳು. "ಏ ಮಕ್ಕಳೇ, ಕಬ್ಬು ಬಿಡಿ ಮಾರಾಯ್ರೆ."

ಎಲ್ಲ ಚೌಕಗಳಲ್ಲೂ ಮುಷ್ಟಿಗಳು ಎದೆಗೆ ಬಂದವು. ಬಸರಾಳಿನವರಿಗೆ ಬೈಗುಳ ಹೇಳಿಕೊಡಬೇಕಾಗಿರಲಿಲ್ಲ. ಧಾರವಾಡದ ಹುಡುಗ ತನ್ನ ಕಡೆಯ ಬೈಗುಳ ತೆಗೆದ, ಅವನ ಅಮ್ಮ ಓಡಿ ಬಂದು ಬಾಯಿ ಮುಚ್ಚಿದರು. ದುಬೈನ ಮಗುವಿಗೆ ಮಾತು ಸಿಗದೆ ಬರೀ ಲೇ ಲೇ ಲೇ ಎಂದಿತು. ಇಷ್ಟು ವರ್ಷ ಬರೆದದ್ದರಲ್ಲಿ ಯಾವ ಸಾಲನ್ನೂ ಮಕ್ಕಳು ಇಷ್ಟು ಜೋರಾಗಿ ಓದಿರಲಿಲ್ಲ. ನನಗೆ ಆದ ಹೆಮ್ಮೆಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಅಪ್ಪನಿಗೆ ತಡೆಯಲಾಗಲಿಲ್ಲ. "ಮಾರಾಯ್ರೆ ಅಂದ್ರೆ ಐಕ್ಳು ಎಲ್ ಕೇಳವು" ಎಂದು ಕುರ್ಚಿ ಎಳೆದುಕೊಂಡು ಫೋನಿನ ಮುಂದೆ ಬಂದು ಕೂತ, ಕಾಲು ಮಡಿಸಿದ, ಮುಷ್ಟಿ ಬಿಗಿದ, ಬಾಯಿ ತೆರೆದ.

"ಅಜ್ಜ ಬಂದರು, ಓಡಿ" ಎಂದು ಕೂಗಿದಳು ಕರಾವಳಿಯ ಹುಡುಗಿ. ಎಲ್ಲರಿಗಿಂತ ಮೊದಲು ಓಡಿದವಳು ಅವಳೇ. ಒಂದೊಂದೇ ಚೌಕ ಬರಿದಾಯಿತು. ಕುರ್ಚಿ, ಸೋಫಾ, ಗೋಡೆಯ ಕ್ಯಾಲೆಂಡರು, ಅಲ್ಲಾಡುವ ಪರದೆ ಬಟ್ಟೆ ಮಾತ್ರ ಉಳಿದವು. ಕಾಣದ ಕಡೆಯಿಂದ ಕಿಸಿಕಿಸಿ ನಗು ಕೇಳುತ್ತಿತ್ತು.

"ಬತ್ತವೆ ಇರು" ಎಂದ ಅಪ್ಪ ನನ್ನ ಕಡೆ ನೋಡದೆ, ಮತ್ತೆ ಬರುವವರೆಗೂ ಹಗ್ಗ ಜಗ್ಗಿ ಹಿಡಿದುಕೊಂಡೇ ಕೂತ.